"ಕರೆಂಟ್ ಬಂಜು": ನಮ್ಮ ಪಂಪ್‌ಹೌಸಿನ ಹಳೇ ಫೋನಿನ ಕತೆ

ನಿನ್ನೆ ರಾತ್ರಿ 1.40ಕ್ಕೆ ಪಂಪ್‌ಹೌಸಿಂದ ಮೆಸೇಜ್ ಬಂತು. "ಕರೆಂಟ್ ಬಂಜು 1.40." ಬೇರೆ ಮನೆಮಾತಿನವರಿಗೆ ಹೇಳ್ಬೇಕು, ನಮ್ಮಲ್ಲಿ ಬಂಜು ಅಂದ್ರೆ ಬಂದಿದೆ. ಹಾಸಿಗೆಯಿಂದಲೇ ಸ್ಟಾರ್ಟರ್ ಪೆಟ್ಟಿಗೆಯ ನಂಬರಿಗೆ ಫೋನ್ ಮಾಡ್ದೆ, ಮೋಟಾರು ಶುರುವಾಯ್ತು. ಪಕ್ಕದ ಕೋಣೆಯಿಂದ ಅಪ್ಪಯ್ಯ "ಬಂತನಾ ತಮಾ?" ಅಂದ್ರು. "ಬಂಜು" ಅಂದೆ. ಇಬ್ರೂ ಮಲಗಿದ್ವಿ.

ಹೋದ ವಾರ ತೋಟ ನೋಡೋಕೆ ಹೊಸನಗರದ ಕಡೆಯಿಂದ ಇಬ್ರು ಬಂದಿದ್ರು. ಪಂಪ್‌ಹೌಸಲ್ಲಿ ಗೋಡೆಗೆ ತೂಗಿದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಗಾಜು ಒಡೆದ ಒಂದು ಹಳೇ ಫೋನು ನೋಡಿ, "ಮಾರ್ಕೆಟ್ಟಲ್ಲಿ ಮೊಬೈಲ್ ಸ್ಟಾರ್ಟರ್ ಸಿಗ್ತದಲ್ಲ ಮಾರಾಯ್ರೆ, ಅದೂ ಹಾಕಿದೀರಿ, ಮತ್ತೆ ಇದೆಂತಕ್ಕೆ?" ಅಂತ ಕೇಳಿದ್ರು. ಎರಡು ಮಾತಲ್ಲಿ ಉತ್ತರ ಹೇಳಿ ಕಾಫಿ ಕೊಟ್ಟು ಕಳಿಸ್ದೆ. ಆದ್ರೆ ಸರಿಯಾದ ಉತ್ತರ ಉದ್ದ ಇದೆ, ಅದಕ್ಕೆ ಇಲ್ಲಿ ಬರೀತಾ ಇದ್ದೇನೆ. ಅಡಿಕೆ ತೋಟದವರು ಕರೆಂಟ್ ಬಂದದ್ದನ್ನ ತಿಳ್ಕೊಳ್ಳೋಕೆ ಏನೇನು ಮಾಡಿದ್ವಿ ಅನ್ನೋದೇ ಒಂದು ಚರಿತ್ರೆ. ಅದನ್ನ ಯಾರೂ ಬರೆದಿಟ್ಟಿಲ್ಲ.

ಮೊದಲು ಕಿವಿ. ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ, ಲಿಂಗನಮಕ್ಕಿ ಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ದೀಪ ಹಚ್ಚಿದ ನೀರು ನಮ್ಮ ತಾಲ್ಲೂಕಿಂದೇ. ಆದ್ರೆ ತಂತಿ ವರದಹಳ್ಳಿಯ ಕಣಿವೆಗಳಿಗೆ ಇಳಿದು, ತೋಟದ ಕೆರೆ ದಂಡೆಗೆ ಮೋಟಾರು ಕೂತದ್ದು ಎಷ್ಟೋ ವರ್ಷದ ಮೇಲೆ. ಮೋಟಾರು ಬಂದ ಮೇಲೂ ಥ್ರೀ ಫೇಸ್ ಯಾವಾಗ ಬರ್ತದೆ ಅನ್ನೋದಕ್ಕೆ ಪಂಚಾಂಗ ಇರಲಿಲ್ಲ. ಮನೆಗೆ ಸಿಂಗಲ್ ಫೇಸ್ ಇರ್ತಿತ್ತು, ದೀಪ ಉರೀತಿತ್ತು, ತೋಟದಲ್ಲಿ ಮೋಟಾರು ತಿರುಗ್ತಿರಲಿಲ್ಲ. ಆಗ ಅಪ್ಪಯ್ಯನ ವಿಧಾನ ಅಂದ್ರೆ ಕಣಿವೆಯ ಆಚೆ ಬದಿಯ ತೋಟದ ಮೋಟಾರು ಶಬ್ದ ಕೇಳೋದು. ಅಲ್ಲಿ ಗುಂಯ್ ಅಂದ್ರೆ ಇಲ್ಲೂ ಬಂದಿದೆ ಅಂತ ಅರ್ಥ. ಬ್ಯಾಟ್ರಿ ಹಿಡ್ಕೊಂಡು, ಅಂಗಳ ಇಳಿದು, ಸಂಕ ದಾಟಿ ಹೋಗೋದು. ಅಜ್ಜನ ಕಾಲದಲ್ಲಾದ್ರೆ ಬ್ಯಾಟ್ರಿ ಬದಲು ಸೂಡಿ. ಹೋಗೋ ಹೊತ್ತಿಗೆ ಕರೆಂಟ್ ತೆಗೆದಿರ್ತಿದ್ರು ಅನ್ನೋದು ಬೇರೆ ಮಾತು.

ಎರಡನೇದು ಬಲ್ಬು. ಮೂರು ಫೇಸಿಗೆ ಮೂರು ಬಲ್ಬು ಜೋಡಿಸಿ ಪಂಪ್‌ಹೌಸಿನ ಮಾಡಿನ ಮೇಲೆ ಕಟ್ಟೋದು, ಮನೆ ಜಗಲಿಯಿಂದ ನೋಡೋದು. ಬ್ಯಾಣದ ಮೇಲೆ ಮನೆ ಇದ್ದವರಿಗೆ ಇದು ಸಲೀಸು. ನಮ್ಮ ಮನೆಗೂ ಕೆರೆಗೂ ನಡುವೆ ಒಂದು ದರೆ, ಎರಡು ಹಲಸಿನ ಮರ. ಬಲ್ಬು ಕಾಣ್ತಿರಲಿಲ್ಲ.

ಮೂರನೇದು ಆಟೋ ಸ್ವಿಚ್. ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಹೊರಡ್ತದೆ. ಎಲ್ರೂ ಇದನ್ನ ಹಾಕಿದ್ರು, ನಾನೂ ಹಾಕಿದ್ದೆ. ಇದರ ಕೆಟ್ಟತನ ನಮಗೆ ತಿಳಿಯೋಕೆ ಎರಡು ಟಿಸಿ ಸುಡಬೇಕಾಯ್ತು. ಮೋಟಾರು ಹೊರಡೋ ಕ್ಷಣದಲ್ಲಿ ಓಡುವಾಗ ಎಳೆಯೋ ಕರೆಂಟಿನ ಐದಾರು ಪಟ್ಟು ಎಳೀತದೆ. ಒಂದು ಟಿಸಿ ಕೆಳಗಿನ ಹತ್ತು ಹನ್ನೆರಡು ಮೋಟಾರು ಒಂದೇ ಸೆಕೆಂಡಲ್ಲಿ ಎದ್ರೆ ಫ್ಯೂಸ್ ಹೋಗ್ತದೆ, ಇಲ್ಲ ಟಿಸಿಯೇ ಹೋಗ್ತದೆ. ಏಪ್ರಿಲ್ ತಿಂಗಳಲ್ಲಿ ಟಿಸಿ ಸುಟ್ಟರೆ ಬದಲಿ ಬರೋವರೆಗೆ ಊರಿನ ತೋಟವೆಲ್ಲ ಬಾಯಿ ಬಿಟ್ಕೊಂಡು ನಿಲ್ತದೆ. ಯಂತ್ರ ನಮಗೆ ಸುದ್ದಿ ಕೊಟ್ಟು, ಹಾಕಬೇಕೋ ಬೇಡವೋ ಅನ್ನೋದನ್ನ ನಾವು ತೀರ್ಮಾನ ಮಾಡೋದೇ ಒಳ್ಳೇದು ಅಂತ ನನಗೆ ಅನಿಸಿದ್ದು ಆಗ.

ಫೋನು ಇಲ್ಲಿ ಕತೆಯೊಳಗೆ ಬರ್ತದೆ.

ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು. ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖರಾಮ್ ಅವರ ಹತ್ರ ಮಾತಾಡಿದ್ರು. ಆಗ ಬರೋ ಕರೆಗೂ ದುಡ್ಡು ಕೊಡ್ಬೇಕಿತ್ತು. 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಯ್ತು. ಅದರ ಜೊತೆಗೇ ನಮ್ಮ ಜನ ಮಿಸ್ಡ್ ಕಾಲ್ ಅನ್ನೋ ಭಾಷೆ ಬೆಳೆಸಿದ್ರು. ಒಂದು ಸಲ ರಿಂಗ್ ಆದ್ರೆ "ಬಸ್ ಹತ್ತಿದೆ", ಎರಡು ಸಲ ಆದ್ರೆ "ಕೊನೆಗೌಡ ಬಂದಿದಾನೆ, ಬೇಗ ಬಾ". ಕಾಸು ಖರ್ಚಿಲ್ಲದೆ ಒಂದು ಸುದ್ದಿ ದಾಟಿಸೋದು. ನಮ್ಮ ಮನೆಗೆ ಮೊದಲ ಮೊಬೈಲು ಬಂದದ್ದು 2005ರಲ್ಲಿ, ನೋಕಿಯಾ 1100. ತಲೆ ಮೇಲೆ ಬ್ಯಾಟ್ರಿ ಇದ್ದ ಫೋನು, ನಿಮ್ಮಲ್ಲೂ ಹಲವರ ಹತ್ರ ಇದ್ದಿದ್ದೇ. ಸಿಗ್ನಲ್ ಬೇಕಂದ್ರೆ ಶ್ರೀಧರಾಶ್ರಮದ ದಾರಿಯ ಏರಿಗೆ ಹೋಗಿ ನಿಲ್ಲಬೇಕಿತ್ತು. ಆಮೇಲಾಮೇಲೆ ಜಗಲಿಯ ಒಂದು ಕಂಬದ ಹತ್ರ ಒಂದು ಕಡ್ಡಿ ಸಿಗೋಕೆ ಶುರುವಾಯ್ತು. ಆ ಕಂಬಕ್ಕೆ ನಮ್ಮನೇಲಿ ಇವತ್ತಿಗೂ ಟವರ್ ಕಂಬ ಅಂತಲೇ ಹೆಸರು.

ಫೋನಿನಿಂದ ಪಂಪಿಗೆ ಸಂಬಂಧ ಕಟ್ಟಿದ್ದು ನಾವೇ ಮೊದಲಲ್ಲ. ಪುಣೆಯ ಇಂಜಿನಿಯರ್ ಸಂತೋಷ್ ಓಸ್ತವಾಲ್ ಅವರ 'ನ್ಯಾನೋ ಗಣೇಶ್' ಅನ್ನೋ ಪೆಟ್ಟಿಗೆ ಹೆಸರಾಗಿತ್ತು. ಪಂಪ್ ಹಾಕೋಕೆ ತಮ್ಮ ಅಜ್ಜ ಹೊತ್ತಲ್ಲದ ಹೊತ್ತಲ್ಲಿ ಹೊಲಕ್ಕೆ ನಡೀತಿದ್ದದ್ದನ್ನ ಕಂಡೇ ಈ ಯೋಚನೆ ಹುಟ್ಟಿತು ಅಂತ ಅವರು ಹೇಳ್ಕೊಂಡಿದಾರೆ. 1996ರಿಂದ ಹಿಡಿದ ಹಟ, 2009ರಲ್ಲಿ ನೋಕಿಯಾ ಕಂಪನಿ ನಡೆಸಿದ ಸ್ಪರ್ಧೆಯಲ್ಲಿ ಬಹುಮಾನ ಬಂತು. ಮಹಾರಾಷ್ಟ್ರದ ಅಜ್ಜನೂ ನಮ್ಮ ಅಜ್ಜನೂ ನಡೆದದ್ದು ಒಂದೇ ಕತ್ತಲಲ್ಲಿ ಅಂತ ಓದಿದಾಗ ಅನಿಸಿತ್ತು. ಅದೇ ಹೊತ್ತಿಗೆ ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಹುಡುಗರು ಕೊನೇ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಮಾಡ್ತಿದ್ರು. ಹಳೇ ಫೋನಿನ ಇಯರ್‌ಫೋನ್ ತೂತಿಗೆ ವಯರು, ಅಲ್ಲಿಂದ ಎಂಟಿ8870 ಅನ್ನೋ ಚಿಪ್ಪು. ಫೋನು ತಾನೇ ಕರೆ ಎತ್ತಿಕೊಳ್ತದೆ, ಈ ಕಡೆಯಿಂದ 1 ಒತ್ತಿದ್ರೆ ಆ ಶಬ್ದವನ್ನ ಚಿಪ್ಪು ಗುರುತಿಸಿ ರಿಲೇ ಎಳೀತದೆ.

ನನಗೆ ಬೇಕಿದ್ದದ್ದು ಉಲ್ಟಾ. ನಾನು ಫೋನಿಗೆ ಹೇಳೋದಲ್ಲ, ಫೋನು ನನಗೆ ಹೇಳೋದು. ಅಕ್ಕನ ಮಗ ಒಬ್ಬ ಶಿವಮೊಗ್ಗದಲ್ಲಿ ಓದ್ತಿದ್ದ, ಅವನು ರಜೆಯಲ್ಲಿ ಬಂದಾಗ 1100ರ ಬೆನ್ನು ಬಿಚ್ಚಿ, 2ನೇ ಗುಂಡಿಯ ಕೆಳಗೆ ಎರಡು ವಯರು ಬೆಸುಗೆ ಹಾಕಿದ. ಕರೆಂಟ್ ಬಂದ್ರೆ ರಿಲೇ ಆ ಎರಡು ವಯರನ್ನ ಸ್ವಲ್ಪ ಹೊತ್ತು ಕೂಡಿಸ್ತದೆ, ಅಂದ್ರೆ ಗುಂಡಿಯನ್ನ ಒತ್ತಿ ಹಿಡಿದ ಹಾಗೆ. ಸ್ಪೀಡ್ ಡಯಲಲ್ಲಿ ನನ್ನ ನಂಬರು. ಮನೇಲಿ ರಿಂಗ್ ಆಯ್ತು ಅಂದ್ರೆ ಕರೆಂಟ್ ಬಂತು. ಮೊದಲನೇ ರಾತ್ರಿ ರಿಂಗ್ ಆದಾಗ ಅಪ್ಪಯ್ಯ ನಂಬಲಿಲ್ಲ, ಬ್ಯಾಟ್ರಿ ಹಿಡ್ಕೊಂಡು ಹೋಗಿ ನೋಡ್ಕೊಂಡೇ ಬಂದ್ರು. ಬಂದವರು ಏನೂ ಹೇಳದೆ ಮಲಗಿದ್ರು. ಅದು ಅವರ ಸರ್ಟಿಫಿಕೇಟು.

ಇದರ ತೊಂದರೆ ಏನಂದ್ರೆ, ಮಿಸ್ಡ್ ಕಾಲ್ ಬಂದಾಗ ನಾನು ಸಿಗ್ನಲ್ ಇಲ್ಲದಲ್ಲಿ ಇದ್ರೆ ಸುದ್ದಿ ಗಾಳಿಗೆ ಹೋಯ್ತು. ಎಸ್ಸೆಮ್ಮೆಸ್ ಹಾಗಲ್ಲ. ಅದು ಅಂಚೆ ಇದ್ದ ಹಾಗೆ. ಕಳಿಸಿದ್ದು ಮೊದಲು ಕಂಪನಿಯ ಒಂದು ಕೇಂದ್ರಕ್ಕೆ ಹೋಗಿ ಕೂರ್ತದೆ, ನನ್ನ ಫೋನು ಸಿಗೋವರೆಗೆ ಕೇಂದ್ರ ಕಾದು ಮತ್ತೆ ಮತ್ತೆ ಕೊಡೋಕೆ ನೋಡ್ತದೆ. ಇನ್ನೊಂದು, ಮಾತಿನ ದಾರಿ ಬೇರೆ, ಎಸ್ಸೆಮ್ಮೆಸ್ ಹೋಗೋ ದಾರಿ ಬೇರೆ. ಟವರು ಮತ್ತು ಫೋನು "ಇದ್ದೀಯಾ? ಇದ್ದೇನೆ" ಅಂತ ತಮ್ಮೊಳಗೇ ಮಾತಾಡ್ಕೊಳ್ಳೋ ಸಣ್ಣ ಕಾಲುದಾರಿ ಒಂದಿದೆ, ಎಸ್ಸೆಮ್ಮೆಸ್ ಅದರಲ್ಲೇ ದಾಟ್ತದೆ. ಅದಕ್ಕೇ ಮಾತು ತುಂಡಾಗೋ ಜಾಗದಲ್ಲೂ ಮೆಸೇಜು ಹೋಗ್ತದೆ. 2021ರಲ್ಲಿ ನಮ್ಮ ಸಾಗರ, ಹೊಸನಗರದ ಊರುಗಳವರು "ನೆಟ್‌ವರ್ಕ್ ಇಲ್ಲ ಅಂದ್ರೆ ಓಟಿಲ್ಲ" ಅಂತ ಬೋರ್ಡ್ ಹಾಕಿ ಕೂತದ್ದು ನಿಮಗೆ ಗೊತ್ತು. ಅಂಥ ಊರುಗಳಲ್ಲಿ ಇಂಟರ್ನೆಟ್ ನಂಬಿ ತೋಟ ನಡೆಸೋಕಾಗಲ್ಲ. ಒಂದು ಕಡ್ಡಿ ಸಿಗ್ನಲಲ್ಲಿ ದಾಟೋದೇ ನಮಗೆ ದಕ್ಕಿದ್ದು.

ಎಸ್ಸೆಮ್ಮೆಸ್ಸಿನ ಹುಟ್ಟು ಓದಿದಾಗ ನನಗೆ ಒಂದು ವಿಷಯ ಬಹಳ ಹಿಡಿಸಿತು. ಲೋಕದ ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ. ಕಳಿಸಿದವನು ನೀಲ್ ಪ್ಯಾಪ್‌ವರ್ತ್ ಅನ್ನೋ 22 ವರ್ಷದ ಹುಡುಗ, ವಿಷಯ ಕ್ರಿಸ್‌ಮಸ್ ಶುಭಾಶಯ. ಕಳಿಸಿದ್ದು ಫೋನಿಂದ ಅಲ್ಲ, ಕಂಪ್ಯೂಟರಿಂದ! ಆಗಿನ ಫೋನಲ್ಲಿ ಟೈಪ್ ಮಾಡೋ ವ್ಯವಸ್ಥೆಯೇ ಇರಲಿಲ್ಲ. ಅಂದ್ರೆ ಎಸ್ಸೆಮ್ಮೆಸ್ ಅನ್ನೋದು ಹುಟ್ಟಿದ್ದೇ ಯಂತ್ರವೊಂದು ಮನುಷ್ಯನ ಜೇಬಿಗೆ ಸುದ್ದಿ ಮುಟ್ಟಿಸಿದ್ದರಿಂದ. ನಾವು ಪಂಪ್‌ಹೌಸಲ್ಲಿ ಮಾಡಿದ್ದು ಹೊಸ ಕಸರತ್ತೇನಲ್ಲ.

160 ಅಕ್ಷರದ ಮಿತಿ ಹಾಕಿದ್ದು 1985ರಲ್ಲಿ, ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್. ಕಾರ್ಡಲ್ಲಿ ಬರೆಯೋ ವಾಕ್ಯ, ಟೆಲೆಕ್ಸ್ ಸುದ್ದಿ ಇವನ್ನೆಲ್ಲ ಎಣಿಸಿ ನೋಡಿ ಇಷ್ಟು ಸಾಕು ಅಂದ್ರು. ಇಂಗ್ಲಿಷಿಗೆ 160. ಕನ್ನಡದಲ್ಲಿ ಬರೆದ್ರೆ 70 ಮಾತ್ರ, ಅದೂ ಒತ್ತು, ಕೊಂಬು, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ. "ಸ್ತ್ರೀ" ಅಂತ ಒಂದಕ್ಷರ ಬರೆದ್ರೆ ಆರು ಹೋಗ್ತದೆ. "ಕರೆಂಟ್ ಬಂಜು"ಗೆ 11. ನಮಗೇನು, ಇನ್ನೂ 59 ಉಳೀತು. ಹಿಂದೆ ತಂತಿ ಕಳಿಸುವಾಗ ಪದಕ್ಕಿಷ್ಟು ಅಂತ ದುಡ್ಡು ಇದ್ದದ್ದರಿಂದ ಜನ ಪದ ಉಳಿಸ್ತಿದ್ರು. ಹಳ್ಳಿಯಲ್ಲಿ "ತಂತಿ ಬಂತು" ಅಂದ್ರೆ ಒಡೆಯೋಕೆ ಮೊದಲೇ ಹೆಂಗಸರು ಅಳೋಕೆ ಶುರು ಮಾಡ್ತಿದ್ರು ಅಂತ ಅಮ್ಮ ಹೇಳ್ತಾರೆ. ಆ ತಂತಿ ಸೇವೆ 2013ರ ಜುಲೈಯಲ್ಲಿ ದೇಶದಲ್ಲೇ ಮುಗಿಯಿತು. ಆಗ ನಮ್ಮ ಪಂಪ್‌ಹೌಸಿಂದ ಮೆಸೇಜು ಬರೋಕೆ ಶುರುವಾಗಿ ಎರಡು ವರ್ಷ ಆಗಿತ್ತು.

ಮೆಸೇಜು ಕಳಿಸೋ ಫೋನು ಅಕ್ಕನ ಮಗನ ಎರಡನೇ ಕೆಲಸ. 1100ಕ್ಕೆ ಇದು ಆಗಲಿಲ್ಲ. ಸಾಗರದ ಒಂದು ರಿಪೇರಿ ಅಂಗಡಿಯ ಗುಜರಿ ಡಬ್ಬದಲ್ಲಿ ಸೀಮೆನ್ಸ್ ಸಿ35 ಸಿಕ್ತು. ಅದಕ್ಕೆ ಕೇಬಲ್ ಚುಚ್ಚಿ ಕಂಪ್ಯೂಟರಿಂದ ಅಪ್ಪಣೆ ಕೊಡಬಹುದು. ಅಪ್ಪಣೆಗಳೆಲ್ಲ 'ಎಟಿ' ಅಂತ ಶುರುವಾಗ್ತವೆ, ಗಮನ ಕೊಡು ಅಂತ ಅರ್ಥ. 1981ರಲ್ಲಿ ಅಮೆರಿಕದ ಹೇಯ್ಸ್ ಅನ್ನೋ ಕಂಪನಿ ತನ್ನ ಮೋಡೆಮ್‌ಗೆ ಮಾಡಿದ ಭಾಷೆ ಅದು. ನಲವತ್ತು ವರ್ಷ ದಾಟಿದ್ರೂ ಇವತ್ತಿನ ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆಗಳ ಹೊಟ್ಟೆಯಲ್ಲಿರೋ ಜಿಎಸ್‌ಎಂ ತುಂಡಿಗೂ ಅದೇ ಭಾಷೆ ಬರ್ತದೆ. ಸಿ35ಗೆ ಮಾತ್ರ ಅಕ್ಷರದಲ್ಲಿ ಮೆಸೇಜ್ ಕೊಟ್ರೆ ಆಗ್ತಿರಲಿಲ್ಲ, ಎಲ್ಲವನ್ನೂ ಅಂಕಿಗಳ ಸರಮಾಲೆ ಮಾಡಿ ಕೊಡಬೇಕು. ಹುಡುಗ ಮೂರು ದಿನ ಊಟ ಬಿಟ್ಟು ಕೂತ. ಕೊನೆಗೆ ಎರಡೇ ಮೆಸೇಜು ಒಳಗೆ ಬರೆದಿಟ್ಟ, ಒಂದು "ಕರೆಂಟ್ ಬಂಜು", ಇನ್ನೊಂದು "ಕರೆಂಟ್ ಹೋತು". ಆಗ ಇಂಗ್ಲಿಷ್ ಅಕ್ಷರದಲ್ಲಿ ಬರ್ತಿತ್ತು, ಕನ್ನಡ ಅಕ್ಷರ ಬಂದದ್ದು ಆಮೇಲೆ.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ದೊಡ್ಡ ಮಟ್ಟದಲ್ಲಿ ಇಂಥದ್ದೇ ಕೆಲಸ ಆಗ ಹುಬ್ಬಳ್ಳಿ ಧಾರವಾಡದಲ್ಲಿ ನಡೀತಿತ್ತು. ನೆಕ್ಸ್ಟ್‌ಡ್ರಾಪ್ ಅನ್ನೋ ಸಂಸ್ಥೆ 2011ರ ಸುಮಾರಿಗೆ, ನಲ್ಲಿಯಲ್ಲಿ ನೀರು ಯಾವಾಗ ಬರ್ತದೆ ಅಂತ ಮನೆಗಳಿಗೆ ಮುಂಚೆಯೇ ಎಸ್ಸೆಮ್ಮೆಸ್ ಕಳಿಸೋ ಏರ್ಪಾಟು ಮಾಡಿತ್ತು. ಅಲ್ಲಿ ದಿನಗಟ್ಟಲೆ ಕಾದ ಮೇಲೆ ಒಮ್ಮೆ ನೀರು. ವಾಲ್ವ್ ತಿರುಗಿಸೋ ನೌಕರ ಫೋನ್ ಮಾಡಿ ಹೇಳ್ತಿದ್ದ, ಕಂಪ್ಯೂಟರು ಆ ಬೀದಿಯ ಮನೆಗಳಿಗೆಲ್ಲ ಮೆಸೇಜ್ ಬಿಡ್ತಿತ್ತು. ಅವನು ಫೋನ್ ಮಾಡಿದ್ರೆ ಉಂಟು, ಮರೆತ್ರೆ ಇಲ್ಲ. ಮೆಸೇಜು ಬರಲಿಲ್ಲ ಅಂದ್ರೆ ನೀರು ಬರಲ್ಲ ಅಂತಲೋ, ವಾಲ್ವಿನವನು ಮರೆತ ಅಂತಲೋ? ಕೊಡ ಹಿಡ್ಕೊಂಡು ಕೂತವರಿಗೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆ ನನಗೆ ಆಗ ಹೊಳೆದಿರಲಿಲ್ಲ. ಹೊಳೆದಿದ್ರೆ ಚೆನ್ನಾಗಿತ್ತು.

ಮೊದಲ ಪಾಠ 2012ರ ಆಗಸ್ಟ್‌ನಲ್ಲೇ ಆಗಿತ್ತು, ನಾನು ಕಲೀಲಿಲ್ಲ. ಮಳೆಗಾಲ, ಪಂಪಿನ ಕೆಲಸ ಇಲ್ಲ. ಆದ್ರೂ ಲೈನ್ ಮೇಲೆ ಮರ ಬಿದ್ರೆ ತಿಳೀಲಿ ಅಂತ ಡಬ್ಬಿ ಬಿಚ್ಚಿರಲಿಲ್ಲ. ಗಾಳಿ ಮಳೆಗೆ ಕರೆಂಟ್ ದಿನಕ್ಕೆ ಇಪ್ಪತ್ತು ಸಲ ಹೋಗಿ ಬಂದು ಮಾಡ್ತಿತ್ತು, ಫೋನೂ ಅಷ್ಟೇ ಸಲ ಬಂಜು ಹೋತು, ಬಂಜು ಹೋತು ಅಂತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಬೆಳಿಗ್ಗೆ ಐದು ಮೆಸೇಜಿಗೇ ನಿಂತೋಯ್ತು. ಅಬ್ಬ, ಲೈನ್ ಸರಿ ಆಯ್ತು ಅಂದ್ಕೊಂಡೆ. ಆದದ್ದೇ ಬೇರೆ. ಬೆಂಗಳೂರಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ಆಗ್ತದೆ ಅಂತ ಸುಳ್ಳು ಸುದ್ದಿಗಳು ಮೆಸೇಜಲ್ಲಿ ಹರಿದಾಡಿ, ಸಾವಿರಾರು ಜನ ಹೆದರಿ ಬೆಂಗಳೂರು ಸಿಟಿ ಸ್ಟೇಷನ್ನಿಗೆ ನುಗ್ಗಿ ಗುವಾಹಟಿ ರೈಲು ಹತ್ತಿದ್ರು. ಟಿವಿಯಲ್ಲಿ ನೀವೂ ನೋಡಿರ್ತೀರಿ. ಅದನ್ನ ತಡೆಯೋಕೆ ಕೇಂದ್ರ ಸರ್ಕಾರ ಆಗಸ್ಟ್ 17ರಿಂದ ದಿನಕ್ಕೆ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸೋ ಹಾಗಿಲ್ಲ ಅಂತ ಇಡೀ ದೇಶಕ್ಕೇ ಕಟ್ಟು ಹಾಕಿತ್ತು, ಕೆಲವು ದಿನದ ಮೇಲೆ 20ಕ್ಕೆ ಏರಿಸಿದ್ರು. ಜನ ಊರು ಬಿಟ್ಟು ಓಡ್ತಿರುವಾಗ ನನ್ನ ಡಬ್ಬಿಯ ಮೆಸೇಜು ನಿಂತದ್ದು ದೊಡ್ಡ ವಿಷಯ ಅಲ್ಲ, ಕಟ್ಟು ಹಾಕಿದ್ದೂ ಸರಿಯೇ. ನಾನು ಹೇಳೋದು ಇಷ್ಟು: ಮೆಸೇಜು ನಿಂತಾಗ ನಾನು ಅದನ್ನ ಒಳ್ಳೇ ಸುದ್ದಿ ಅಂತ ಓದ್ಕೊಂಡೆ.

ಅದೇ ತಪ್ಪನ್ನ ಏಳು ವರ್ಷ ಬಿಟ್ಟು ಮತ್ತೆ ಮಾಡ್ದೆ.

ಅಷ್ಟರಲ್ಲಿ ಸಿ35 ಸತ್ತಿತ್ತು, ಅಕ್ಕನ ಮಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದ. ಮಗಳು ಹೊಸ ಫೋನು ತಗೊಂಡಳು, ಅವಳ ಹಳೇ ಆಂಡ್ರಾಯ್ಡ್ ಫೋನು ಪಂಪ್‌ಹೌಸಿಗೆ ಹೋಯ್ತು. ಇದರಲ್ಲಿ ಬೆಸುಗೆ ಗಿಸುಗೆ ಏನೂ ಬೇಡ. ಚಾರ್ಜರನ್ನ ಪಂಪಿನ ಲೈನಿಗೆ ಕೊಡೋದು. ಚಾರ್ಜ್ ಶುರುವಾಯ್ತು ಅಂತ ಫೋನಿಗೆ ಗೊತ್ತಾದ್ರೆ "ಬಂಜು", ನಿಂತ್ರೆ "ಹೋತು". ಹೀಗೆ ಆದ್ರೆ ಹೀಗೆ ಮಾಡು ಅಂತ ನಿಯಮ ಬರೆದಿಡೋ ಆ್ಯಪುಗಳು ಪುಕ್ಕಟೆ ಸಿಗ್ತವೆ. ಎಸ್ಸೆಮ್ಮೆಸ್ ಕಳಿಸೋ ಅನುಮತಿಯನ್ನ ಗೂಗಲ್ 2019ರಿಂದ ಬಿಗಿ ಮಾಡಿದೆ, ಹಾಗಾಗಿ ಹಾಕೋಕೆ ಮುಂಚೆ ಆ್ಯಪಿಗೆ ಆ ಅನುಮತಿ ಇದೆಯಾ ನೋಡ್ಕೊಳ್ಳಿ.

ಒಂದೆರಡು ಸೂಕ್ಷ್ಮ ಇದೆ. ಚಾರ್ಜರಿಗೆ ಒಂದೇ ಫೇಸ್ ಸಾಕು. ಆ ಫೇಸ್ ಬಂದು ಇನ್ನೊಂದು ಬರಲಿಲ್ಲ ಅಂದ್ರೂ ಫೋನು ಬಂಜು ಅಂತದೆ, ನೀವು ಮೋಟಾರು ಹಾಕಿದ್ರೆ ಗುಂಯ್‌ಗುಟ್ಟಿ ಸುಡ್ತದೆ. ಅದಕ್ಕೆ ಸಿಂಗಲ್ ಫೇಸ್ ಪ್ರಿವೆಂಟರ್ ದಾಟಿದ ಮೇಲೆ ಚಾರ್ಜರಿಗೆ ಲೈನ್ ತಗೊಳ್ಳಿ. ಮೂರೂ ಸರಿ ಇದ್ರೆ ಮಾತ್ರ ಅದು ಬಿಡ್ತದೆ. ಲೈನ್ ಕೆಲಸ ಗೊತ್ತಿದ್ದವರಿಂದಲೇ ಮಾಡಿಸಿ. ಇನ್ನು ಮೆಸೇಜಿನ ಒಳಗೇ ಹೊತ್ತು ಬರೆಯೋ ಹಾಗೆ ಮಾಡಿ. ಅಂಚೆ ತಡವಾಗಬಹುದು ಅಂದೆನಲ್ಲ, ರಾತ್ರಿ 1.40ಕ್ಕೆ ಹೊರಟದ್ದು ಬೆಳಿಗ್ಗೆ 5ಕ್ಕೆ ಸಿಕ್ಕಿದ್ರೆ ಅದು ಈಗಿನ ಸುದ್ದಿ ಅಂತ ನೀವು ಓಡ್ತೀರಿ. ಇರುವೆ, ಹಲ್ಲಿ ಒಳಗೆ ಹೋಗದ ಹಾಗೆ ಡಬ್ಬಿಯ ತೂತಿಗೆಲ್ಲ ಮೇಣ. ಏಪ್ರಿಲ್ ಮೇಯಲ್ಲಿ ಗುಡುಗು ಶುರುವಾದ್ರೆ ಚಾರ್ಜರ್ ಕಿತ್ತಿಡಿ, ನನ್ನ ಎರಡು ಚಾರ್ಜರ್ ಸಿಡಿಲಿಗೆ ಹೋಗಿವೆ. ಬ್ಯಾಟರಿ ಉಬ್ಬಿದ ಫೋನನ್ನ ಇಡಲೇಬೇಡಿ. ಮತ್ತೆ, ತೀರಾ ಹಳೇ 2ಜಿ ಫೋನಿಗೆ ಜಿಯೋ ಸಿಮ್ ಹಾಕಿ ಪ್ರಯೋಜನ ಇಲ್ಲ, ಅವರಲ್ಲಿ 2ಜಿಯೇ ಇಲ್ಲ.

ಈಗ 2019ರ ಮಾರ್ಚ್. ಅರಳಗೋಡು ಕಡೆ ಮಂಗನ ಕಾಯಿಲೆಯಿಂದ ಜನ ಸಾಯ್ತಿದ್ದ ಬೇಸಿಗೆ, ಎಲ್ರ ಮನಸ್ಸೂ ಕೆಟ್ಟಿತ್ತು. ಕೆರೆ ತಳ ಕಾಣ್ತಿತ್ತು, ಇದ್ದ ನೀರನ್ನ ಹೊಸ ಸಸಿಗೆ ಹೇಗಾದ್ರೂ ಮುಟ್ಟಿಸಬೇಕಿತ್ತು. ಮೂರು ದಿನ ಮೆಸೇಜಿಲ್ಲ. ಥ್ರೀ ಫೇಸ್ ಕೊಟ್ಟಿಲ್ಲ ಅಂದ್ಕೊಂಡೆ. ಬೈಕೊಂಡೂ ಆಯ್ತು. ಹಗಲು ಹೋಗಿ ನೋಡಿದಾಗ ಕರೆಂಟ್ ಇರಲಿಲ್ಲ, ಅದು ರಾತ್ರಿ ಪಾಳಿಯ ವಾರ. ಫೋನು ಉಸಿರಾಡ್ತಾ ಇತ್ತು, ಹಸಿರು ದೀಪ ಮಿಣಕ್ತಿತ್ತು. ಸರಿ ಇದೆ ಅಂತ ಬಂದೆ.

ಮೂರನೇ ರಾತ್ರಿ ಅಪ್ಪಯ್ಯನಿಗೆ ನಿದ್ದೆ ಇಲ್ಲ. ಎರಡು ಗಂಟೆ ಹೊತ್ತಿಗೆ ಕಣಿವೆಯ ಆಚೆ ತೋಟದ ಮೋಟಾರು ಶಬ್ದ ಅವರ ಕಿವಿಗೆ ಬಿತ್ತು. 74 ವರ್ಷ. ನನ್ನ ಫೋನು ನಿಶ್ಶಬ್ದ, ನಾನು ಗೊರಕೆ. ಎಬ್ಬಿಸಲಿಲ್ಲ. ಎಬ್ಬಿಸಿದ್ರೆ "ಮೆಸೇಜ್ ಬಂಜಿಲ್ಲೆ, ಮಲಗಿ" ಅಂತಿದ್ದೆ, ಅದು ಅವರಿಗೂ ಗೊತ್ತಿತ್ತು. ಬ್ಯಾಟ್ರಿ ತಗೊಂಡು ಇಳಿದ್ರು. ಸಂಕ ದಾಟುವಾಗ ಜಾರಿ ಕಾದಿಗೆಗೆ ಬಿದ್ದು ಸೊಂಟದ ಮೂಳೆ ಮುರೀತು. ಬೆಳಗಿನ ಜಾವ ಹಾಲು ಕರೆಯೋಕೆ ಎದ್ದ ಅಮ್ಮ ನೋಡಿ ಕೂಗಿದ್ದು. ನಾಲ್ಕು ಗಂಟೆ ಅಲ್ಲೇ ಬಿದ್ದಿದ್ರು. ಎಷ್ಟೋ ಹೊತ್ತು ಕೂಗಿದ್ರಂತೆ, ಆಚೆಯ ಮೋಟಾರಿನ ಶಬ್ದದಲ್ಲಿ ಯಾರಿಗೂ ಕೇಳಿಲ್ಲ.

ಆಸ್ಪತ್ರೆ, ಆಪರೇಷನ್ ಎಲ್ಲ ಆಗಿ ವಾರದ ಮೇಲೆ ಫೋನು ಬಿಚ್ಚಿ ನೋಡ್ದೆ. ಅದು ತನ್ನ ಕೆಲಸ ಸರಿಯಾಗೇ ಮಾಡಿತ್ತು. ಮೂರೂ ರಾತ್ರಿ "ಕರೆಂಟ್ ಬಂಜು" ಅಂತ ಬರೆದು ಕಳಿಸೋಕೆ ನೋಡಿತ್ತು, ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಗುರುತು. ಸಿಮ್ಮಿನ ಅವಧಿ ಮುಗಿದಿತ್ತು. 2018ರ ಕೊನೆಯಿಂದ ಕಂಪನಿಗಳು ಸಿಮ್ ಜೀವಂತ ಇಡೋಕೆ ತಿಂಗಳಿಗಿಷ್ಟು ಅಂತ ಕನಿಷ್ಠ ರೀಚಾರ್ಜ್ ತಂದಿದ್ವು. ಮೊದಲಿನ ಲೈಫ್‌ಟೈಮ್ ಕಾಲ ಮುಗಿದಿತ್ತು. ನನ್ನ ಜೇಬಿನ ಸಿಮ್ಮಿಗೆ ತಪ್ಪದೆ ಹಾಕಿಸ್ತಿದ್ದೆ, ಗೋಡೆ ಮೇಲಿನದಕ್ಕೆ ಮರೆತಿದ್ದೆ. ಅವಧಿ ಮುಗೀತಾ ಬಂತು ಅಂತ ಕಂಪನಿ ಕಳಿಸಿದ ಎಚ್ಚರಿಕೆಗಳೂ ಅಲ್ಲೇ ಇದ್ವು, ಪಂಪ್‌ಹೌಸಿನ ಫೋನಿನಲ್ಲಿ, ಹಲ್ಲಿಗೆ ಓದೋಕೆ.

ಯಂತ್ರದಿಂದ ಸುದ್ದಿ ಬಂದ್ರೆ ನಂಬಬಹುದು. ಬರದಿದ್ದಾಗ ಎರಡು ಅರ್ಥ ಇರ್ತದೆ: ಕರೆಂಟ್ ಬಂದಿಲ್ಲ, ಅಥವಾ ಹೇಳೋ ಬಾಯಿ ಸತ್ತಿದೆ. ನಮ್ಮ ಡಬ್ಬಿಗೆ ಈ ಎರಡನ್ನೂ ಬೇರೆ ಮಾಡಿ ಹೇಳೋಕೆ ಬರ್ತಿರಲಿಲ್ಲ. ಅಪ್ಪಯ್ಯನ ಕಿವಿಗೆ ಬರ್ತಿತ್ತು.

ಆಮೇಲೆ ಮಾಡಿದ ಬದಲಾವಣೆ ಒಂದೇ ಸಾಲಿಂದು. ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ, ಕರೆಂಟ್ ಇರಲಿ ಬಿಡಲಿ, ಫೋನು ಒಂದು ಮೆಸೇಜ್ ಕಳಿಸ್ಬೇಕು: "ಇದ್ದಿ. ಬ್ಯಾಟ್ರಿ 84." ಇದ್ದಿ ಅಂದ್ರೆ ಇದ್ದೇನೆ. ಬ್ಯಾಟ್ರಿ ದಿನಾ ಇಳೀತಾ ಹೋದ್ರೆ ಲೈನೋ ಚಾರ್ಜರೋ ಕೆಟ್ಟಿದೆ ಅಂತ ಅದರಲ್ಲೇ ಗೊತ್ತಾಗ್ತದೆ. "ಇದ್ದಿ" ಒಂದು ಹೊತ್ತು ತಪ್ಪಿದ್ರೆ ಬೆಳಕಿದ್ದಾಗಲೇ ಹೋಗಿ ನೋಡೋದು. ಪಂಪ್ ಹಾಕೋಕೆ ಆ ವರ್ಷವೇ ರೆಡಿಮೇಡ್ ಮೊಬೈಲ್ ಸ್ಟಾರ್ಟರ್ ಕೂಡ ತಂದೆ, ರಾತ್ರಿ ಸಂಕ ದಾಟೋದು ನಿಂತಿತು. ಹಳೇ ಫೋನು ಯಾಕೆ ಇನ್ನೂ ಇದೆ ಅಂದ್ರೆ, ಸ್ಟಾರ್ಟರಿಗೆ ಒಂದು ಕಂಪನಿ ಸಿಮ್, ಇದಕ್ಕೆ ಇನ್ನೊಂದು. ಎರಡೂ ಒಟ್ಟಿಗೆ ಸಾಯೋದು ಕಡಿಮೆ. ಹೊಸನಗರದವರಿಗೆ ನಾನು ಎರಡು ಮಾತಲ್ಲಿ ಹೇಳಿದ್ದು ಇದನ್ನೇ.

ಈ ವಿಷಯ ನನ್ನೊಬ್ಬನ ಪಂಪಿಗೆ ಮುಗಿಯಲ್ಲ ಅಂತ ಈಚೆಗೆ ಅನಿಸ್ತಿದೆ, ಅದಕ್ಕೇ ಇಷ್ಟುದ್ದ ಬರೆದೆ. ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ಮಳೆಮಾಪಕ ನೋಡಿದೀರಲ್ಲ? ಸೋಲಾರ್ ಹಲಗೆ, ಕಂಬ, ಡಬ್ಬಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವು. ಅದರೊಳಗೂ ಒಂದು ಸಿಮ್ ಇದೆ. ಹದಿನೈದು ನಿಮಿಷಕ್ಕೊಮ್ಮೆ ಮಳೆ ಲೆಕ್ಕವನ್ನ ಮೊಬೈಲ್ ನೆಟ್‌ವರ್ಕಲ್ಲೇ ಬೆಂಗಳೂರಿಗೆ ಕಳಿಸ್ತದೆ. ಕಸುಬಲ್ಲಿ ನಮ್ಮ ಪಂಪ್‌ಹೌಸಿನ ಫೋನಿಗೆ ಅಣ್ಣ. ಅಡಿಕೆಗೆ, ಮೆಣಸಿಗೆ ನಾವು ಕಟ್ಟೋ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಈ ಡಬ್ಬಿಗಳ ಲೆಕ್ಕದ ಮೇಲೆ ನಿಂತಿದೆ. ಕೊಳೆ ಬಂದು ಕಾಯಿ ಉದುರಿದ್ದನ್ನ ಯಾರೂ ಬಂದು ಎಣಿಸಲ್ಲ, ಡಬ್ಬಿ ಏನು ಹೇಳ್ತೋ ಅದು.

ಆ ಡಬ್ಬಿ ಸುಮ್ಮನಾದ ದಿನ, ಆ ಪಂಚಾಯ್ತಿಯಲ್ಲಿ ಮಳೆ ಸೊನ್ನೆಯೋ, ಸುದ್ದಿ ಇಲ್ಲವೋ? ಲೆಕ್ಕ ಸಿಗದಿದ್ರೆ ಹತ್ತಿರದ ಇನ್ನೊಂದು ಕೇಂದ್ರದ ಲೆಕ್ಕ ತಗೊಳ್ಳೋ ಪದ್ಧತಿ ಇದೆ. ಬಯಲುಸೀಮೆಗೆ ಅದು ನಡೀಬಹುದು. ಆಗುಂಬೆಗೂ ತೀರ್ಥಹಳ್ಳಿ ಪೇಟೆಗೂ ಒಂದೇ ಮಳೆಯಾ? ಹುಲಿಕಲ್ಲಿಗೂ ಹೊಸನಗರ ಪೇಟೆಗೂ? ನಮ್ಮಲ್ಲಿ ಒಂದು ಗುಡ್ಡದ ಈಚೆ ಮಳೆ, ಆಚೆ ಬಿಸಿಲು.

ಈ ಮಳೆಗಾಲದಿಂದ ನಾವು ಐದು ಮನೆಯವರು ಸೇರಿ ಒಂದು ಕೆಲಸ ಶುರು ಮಾಡಿದೀವಿ. ಮಾಮೂಲಿ ಗಾಜಿನ ಮಳೆಮಾಪಕ, ಬೆಳಿಗ್ಗೆ 8.30ಕ್ಕೆ ಅಳೆದು ನೋಟ್‌ಬುಕ್ಕಲ್ಲಿ ಬರೆಯೋದು. ಮಳೆ ಬರದ ದಿನ 0 ಅಂತಲೇ ಬರೀಬೇಕು. ಅಳೆಯೋಕಾಗದ ದಿನ ಅಡ್ಡಗೆರೆ. ಖಾಲಿ ಬಿಡೋ ಹಾಗಿಲ್ಲ. ಅದರ ಜೊತೆಗೇ ಪಂಚಾಯ್ತಿ ಡಬ್ಬಿಯ ಲೆಕ್ಕ ಅವತ್ತು ಬಂದಿದೆಯಾ ಅಂತ ನೋಡಿ ಪಕ್ಕದಲ್ಲಿ ಗುರುತು ಹಾಕೋದು. ನಿಮ್ಮ ಪಂಚಾಯ್ತಿಯಲ್ಲೂ ಯಾರಾದ್ರೂ ಒಬ್ರು ಇದನ್ನ ಹಿಡ್ಕೊಂಡ್ರೆ ಒಳ್ಳೇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಬರೆದದ್ದು ಮಾತ್ರ ಕೆಲಸಕ್ಕೆ ಬರ್ತದೆ.

ಅಪ್ಪಯ್ಯ ಈಗ ಕೋಲು ಹಿಡಿದು ಜಗಲಿವರೆಗೆ ಬರ್ತಾರೆ. ಬೆಳಿಗ್ಗೆ ನನ್ನ ಫೋನು ಅವರ ಹತ್ರ ಟವರ್ ಕಂಬದ ಬುಡದಲ್ಲಿ ಇರ್ತದೆ. ಆರು ಗಂಟೆಯ "ಇದ್ದಿ" ಬಂದದ್ದನ್ನ ಅವರೇ ಓದಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲಲ್ಲಿ ಒಂದು ಚುಕ್ಕೆ ಇಡ್ತಾರೆ. ಹೋದ ತಿಂಗಳು ಒಂದು ದಿನ ಚುಕ್ಕೆ ಇಲ್ಲ. ಆರೂಕಾಲಿಗೇ ನನ್ನನ್ನ ಎಬ್ಬಿಸಿ ಕಳಿಸಿದ್ರು. ಹೋಗಿ ನೋಡಿದ್ರೆ ಡಬ್ಬಿಯ ತೂತಿನ ಮೇಣ ಕಿತ್ತು ಇರುವೆ ಹೊಕ್ಕಿತ್ತು, ಚಾರ್ಜರ್ ಪಿನ್ನಿನ ತುಂಬ ಮೊಟ್ಟೆ. ಒರೆಸಿ, ಹೊಸ ಮೇಣ ಹಾಕಿ ಬಂದೆ. ಸಂಜೆ ಆರಕ್ಕೆ ಬಂತು: "ಇದ್ದಿ. ಬ್ಯಾಟ್ರಿ 61."